ಡೇರೆ ಗಡ್ಡೆ ಕೊಡುವಾಗ ಕಣ್ಣು ನೋಡಿ ಕೊಡಿ

ಪ್ರತಿ ಮಳೆಗಾಲದಲ್ಲೂ ಇದನ್ನು ನೋಡುತ್ತೇನೆ. ನೆಂಟರ ಮನೆಯಿಂದ ದಪ್ಪ ದಪ್ಪ ಡೇರೆ ಗಡ್ಡೆ ತರುತ್ತಾರೆ, ಗೊಬ್ಬರ ಹಾಕಿ ನೆಡುತ್ತಾರೆ, ಜುಲೈ ಮುಗಿಯುತ್ತಾ ಬಂದರೂ ಮೊಳಕೆ ಇಲ್ಲ. ಕೆದಕಿ ನೋಡಿದರೆ ಗಡ್ಡೆ ನೆಟ್ಟ ಹಾಗೇ ಇರುತ್ತದೆ, ಇಲ್ಲವೇ ಕೊಳೆತಿರುತ್ತದೆ. ಕೈಗುಣ ಸರಿ ಇಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕೈಗುಣದ ತಪ್ಪೇನೂ ಇಲ್ಲ. ಕೊಟ್ಟ ಗಡ್ಡೆಗೆ ಮೊಳಕೆ ಹೊರಡುವ ಕಣ್ಣೇ ಇರಲಿಲ್ಲ.

ಪೇಟೆಯವರು ಡೇಲಿಯಾ ಅನ್ನುವ ಹೂವನ್ನೇ ಶಿರಸಿ, ಸಿದ್ದಾಪುರ, ಸಾಗರದ ಕಡೆ ನಾವು ಡೇರೆ ಅನ್ನುತ್ತೇವೆ. ಮೂಲ ಮೆಕ್ಸಿಕೋದ ಬೆಟ್ಟಗಳದ್ದಾದರೂ ಮಲೆನಾಡಿನ ಅಂಗಳಕ್ಕೆ ಎಷ್ಟು ಒಗ್ಗಿದೆ ಅಂದರೆ, ಚೌತಿ ಹೊತ್ತಿಗೆ ಯಾರ ಮನೆಗೆ ಹೋದರೂ ಮೊದಲು ಡೇರೆ ಸಾಲು ನೋಡಿಯೇ ಒಳಗೆ ಹೋಗುವುದು. ಅಲ್ಲೇ ಮಾತಾಗುತ್ತದೆ, "ಈ ಬಣ್ಣ ನನಗೂ ಬೇಕು, ಗಡ್ಡೆ ಇಡು."

ಹೂ ಇರುವಾಗಲೇ ಗುರುತು

ಗಿಡ ಒಣಗಿದ ಮೇಲೆ ಎಲ್ಲ ಡೇರೆಯೂ ಒಂದೇ. ಹೂ ಇರುವಾಗಲೇ ಬುಡಕ್ಕೆ ಒಂದು ಪಟ್ಟಿ ಕಟ್ಟಿ ಬಣ್ಣ, ಎತ್ತರ, ಸುತ್ತು ದಳವೋ ಒಂಟಿ ದಳವೋ ಅಂತ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಅಳಿಸುವುದಿಲ್ಲ ಅಂತ ಮಾರುವ ಮಾರ್ಕರ್ ಪೆನ್ನು ಎರಡು ತಿಂಗಳ ಬಿಸಿಲಿಗೆ ಮಾಸಿಹೋಗುತ್ತದೆ. ರೋಗದ ಗಿಡವನ್ನೂ ಆಗಲೇ ಗುರುತು ಮಾಡಬೇಕು. ನರದ ಪಕ್ಕದಲ್ಲಿ ಎಲೆ ಹಳದಿ ಪಟ್ಟೆಯಾಗಿ, ಗಿಡ ಗಿಡ್ಡವಾಗಿ ಮುರುಟಿದ್ದರೆ ಅದು ವೈರಸ್ ಇರಬಹುದು. ಅದು ಗಡ್ಡೆಯ ಜೊತೆಗೇ ಹೋಗುತ್ತದೆ. ಎಷ್ಟೇ ಚೆಂದದ ಬಣ್ಣವಾದರೂ ಆ ಗಡ್ಡೆ ಯಾರಿಗೂ ಕೊಡಬೇಡಿ, ನೀವೂ ಇಟ್ಟುಕೊಳ್ಳಬೇಡಿ.

ಕೀಳುವುದು

ಗಿಡ ಪೂರ್ತಿ ಒಣಗಲಿ. ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಒಂದು ಅಡಿ ದೂರದಿಂದ ಸುತ್ತಲೂ ಅಗೆದು ಕೆಳಗಿನಿಂದ ಎತ್ತಿ. ಕಾಂಡ ಹಿಡಿದು ಜಗ್ಗಬೇಡಿ.

ಕತ್ತರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆ ಹಾಗಲ್ಲ. ಅದರ ಗಡ್ಡೆಯ ಮೈಯಲ್ಲಿ ಒಂದೂ ಕಣ್ಣಿರುವುದಿಲ್ಲ. ಹಳೆಯ ಕಾಂಡದ ಬುಡಕ್ಕೆ ಗಡ್ಡೆಯ ಕುತ್ತಿಗೆ ಸೇರುವ ಜಾಗ ಇದೆಯಲ್ಲ, ಅಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಅಥವಾ ಸ್ವಲ್ಪ ದೊಡ್ಡ ಗುಳ್ಳೆ ಥರ ಇರುತ್ತದೆ, ಬಿಳಿ ಇಲ್ಲವೇ ನಸುಗೆಂಪು. ಅದೇ ಕಣ್ಣು. ಗೊಂಚಲಿನಿಂದ ಗಡ್ಡೆಯನ್ನು ಬಾಳೆಹಣ್ಣು ಕಿತ್ತ ಹಾಗೆ ಕಿತ್ತುಕೊಟ್ಟರೆ ಕಣ್ಣು ನಿಮ್ಮ ಮನೆಯ ಕಾಂಡದಲ್ಲೇ ಉಳಿಯುತ್ತದೆ, ಅವರಿಗೆ ಹೋಗುವುದು ಬರೀ ಗಡ್ಡೆ.

ಡಿಸೆಂಬರಿನಲ್ಲಿ ಕಿತ್ತ ಕೂಡಲೇ ಕಣ್ಣು ಕಾಣುವುದು ಕಷ್ಟ. ಅದಕ್ಕೇ ನಾನು ಆಗ ಕತ್ತರಿಸುವುದೇ ಇಲ್ಲ. ಮಣ್ಣು ಕೊಡವಿ, ನೆರಳಲ್ಲಿ ಆರಿಸಿ, ಗೊಂಚಲನ್ನು ಇಡಿಯಾಗಿ ಒಣ ಮರಳಿನಲ್ಲಿ ಹುಗಿದು ಬುಟ್ಟಿಯಲ್ಲಿ ಇಡುತ್ತೇನೆ. ಬಿಡಿ ಗಡ್ಡೆ ಬೇಗ ಸುಕ್ಕಾಗುತ್ತದೆ, ಇಡೀ ಗೊಂಚಲು ತಡೆಯುತ್ತದೆ. ತಿಂಗಳಿಗೊಮ್ಮೆ ತೆಗೆದು ನೋಡಿ ಕೊಳೆತದ್ದನ್ನು ಬಿಸಾಡಿ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬೇಡಿ, ಬೆವತು ಬೂಸ್ಟು ಬರುತ್ತದೆ.

ಮೇ ಮೊದಲ ವಾರ ಗೊಂಚಲನ್ನು ಹೊರಗೆ ತೆಗೆದು ಸ್ವಲ್ಪವೇ ತೇವ ಇರುವ ಮರಳಿನಲ್ಲಿ ಒಂದೆರಡು ವಾರ ಇಡಿ. ಕಣ್ಣು ತಾನಾಗಿ ಉಬ್ಬಿ ಕಾಣುತ್ತದೆ. ಈಗ ಹರಿತವಾದ ಚಾಕು ತಗೊಳ್ಳಿ. ಒಂದು ಗಿಡದ್ದು ಮುಗಿದು ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿ. ಮೊದಲು ಹಳೆಯ ಕಾಂಡವನ್ನೇ ಮೇಲಿನಿಂದ ಎರಡು ಸೀಳು ಮಾಡಿ, ಆಮೇಲೆ ಒಂದೊಂದು ಭಾಗ ನೋಡಿ ನೋಡಿ ಬಿಡಿಸಿ. ಪ್ರತಿ ಗಡ್ಡೆಯ ತಲೆಯಲ್ಲೂ ಉಗುರಿನಷ್ಟಾದರೂ ಕಾಂಡದ ಬುಡ ಇರಬೇಕು, ಅದರಲ್ಲಿ ಒಂದು ಕಣ್ಣು ಇರಬೇಕು. ಗಡ್ಡೆ ಕಿರುಬೆರಳಿನಷ್ಟು ಸಣ್ಣದಾದರೂ ಸಾಕು. ಕಣ್ಣಿಲ್ಲದ ದಪ್ಪ ಗಡ್ಡೆಗಿಂತ ಅದೇ ಮೇಲು. ಕುತ್ತಿಗೆ ಮುರಿದು ಬರೀ ಸಿಪ್ಪೆಯಲ್ಲಿ ನೇತಾಡುವುದನ್ನು ಕೊಡಬೇಡಿ, ನೋಡಲು ಚೆನ್ನಾಗಿದ್ದರೂ ಬದುಕುವುದಿಲ್ಲ. ಕೊಯ್ದ ಜಾಗಕ್ಕೆ ಒಲೆಯ ಬೂದಿ ಮುಟ್ಟಿಸಿ ಎರಡು ದಿನ ನೆರಳಲ್ಲಿ ಒಣಗಿಸಿ. ಕತ್ತರಿಸಲು ಧೈರ್ಯ ಬಾರದಿದ್ದರೆ ಗೊಂಚಲನ್ನು ಎರಡೇ ಹೋಳು ಮಾಡಿ ಕೊಡಿ. ತಪ್ಪುವ ಭಯ ಕಡಿಮೆ.

ಹೊಸಬರೊಬ್ಬರಿಗೆ ನಾನೇ ಒಮ್ಮೆ ಆರು ಗಡ್ಡೆ ಕೊಟ್ಟಿದ್ದೆ, ಆರಕ್ಕೂ ಕಣ್ಣಿರಲಿಲ್ಲ. ಅವರು ದೀಪಾವಳಿಯವರೆಗೂ ಕಾದಿದ್ದರು. ಕೊಟ್ಟವರಿಗೆ ಅದು ಒಂದು ಗಡ್ಡೆ, ತಗೊಂಡವರಿಗೆ ಒಂದು ಇಡೀ ಮಳೆಗಾಲ.

ಬೀಜದ ವಿಷಯ

ಡೇರೆಯ ಬೀಜ ಹಾಕಿದರೆ ತಾಯಿಯ ಬಣ್ಣವೇ ಬರುವುದಿಲ್ಲ. "ಇದೇ ಹೂ" ಅಂತ ಹೇಳಿ ಬೀಜ ಕೊಡಬೇಡಿ. ಜೀನಿಯಾ, ಕಾಸ್ಮಸ್, ಚೆಂಡು ಹೂವಿನದು ಸುಲಭ, ಹೂ ಗಿಡದಲ್ಲೇ ಒಣಗಿದ ಮೇಲೆ ಬಿಡಿಸಿ ಕಾಗದದ ಲಕೋಟೆಗೆ ಹಾಕಿ. ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಬಲಿಯುವ ಮೊದಲೇ ತೆಳು ಬಟ್ಟೆ ಕಟ್ಟಿ. ಲಕೋಟೆ ಮೇಲೆ ವರ್ಷ ಬರೆಯಿರಿ. ನೀಲಿ ಗುಲಾಬಿ ಬೀಜ, ಏಳು ಬಣ್ಣದ ಮಿಶ್ರ ಬೀಜ ಅಂತ ಆನ್‌ಲೈನಿನಲ್ಲಿ ಚಿತ್ರ ತೋರಿಸಿ ಮಾರುವ ಪೊಟ್ಟಣಕ್ಕೆ ದುಡ್ಡು ಹಾಕಬೇಡಿ. ಪಕ್ಕದ ಮನೆಯಲ್ಲಿ ಕಣ್ಣಾರೆ ನೋಡಿದ ಹೂವೇ ನಂಬಿಕೆಯದ್ದು.

ಅಗ್ನಿಶಿಖೆಯ ಗಡ್ಡೆ ಕೊಡುವವರು ಅದು ವಿಷ ಅಂತ ಹೇಳಿಯೇ ಕೊಡಿ, ಚೀಟಿಯಲ್ಲೂ ಬರೆಯಿರಿ. ಗೆಣಸು ಅಂದುಕೊಂಡು ಯಾರಾದರೂ ತಿಂದರೆ ಜೀವಕ್ಕೇ ಅಪಾಯ.

ಕಳಿಸುವುದು

ಕೈಯಲ್ಲಿ ಕೊಡುವುದೇ ಒಳ್ಳೆಯದು. ಅಂಚೆಗೆ ಹಾಕುವುದಾದರೆ ಗಡ್ಡೆಗಳನ್ನು ಒಂದೊಂದಾಗಿ ಪೇಪರ್‌ನಲ್ಲಿ ಸುತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು ಸೋಮವಾರವೇ ಸ್ಪೀಡ್ ಪೋಸ್ಟ್ ಮಾಡಿ. ಶನಿವಾರ ಹಾಕಿದರೆ ಭಾನುವಾರ ಪೂರ್ತಿ ಸುಮ್ನೆ ಚೀಲದಲ್ಲಿ ಬೇಯುತ್ತದೆ. ಬೀಜದ ಪೊಟ್ಟಣದ ಎರಡೂ ಕಡೆ ರಟ್ಟು ಇಡಿ, ಇಲ್ಲದಿದ್ದರೆ ಮುದ್ರೆ ಹೊಡೆಯುವಾಗ ಪುಡಿಯಾಗುತ್ತದೆ. ಅಮೆರಿಕದಲ್ಲಿರುವ ಮಕ್ಕಳ ಸೂಟ್‌ಕೇಸಿನಲ್ಲಿ ಬೀಜ, ಗಡ್ಡೆ ತುರುಕಬೇಡಿ. ಅಲ್ಲಿಂದ ತರಿಸುವುದೂ ಬೇಡ. ಎರಡೂ ದೇಶದಲ್ಲಿ ಅದಕ್ಕೆ ಸಸ್ಯ ತಪಾಸಣೆಯ ನಿಯಮ ಇದೆ, ನಮ್ಮಲ್ಲಿ 2003ರ ಆದೇಶವೇ ಇದೆ. ಹೊಸ ರೋಗ, ಹೊಸ ಹುಳ ಬರುವುದು ಹೀಗೇ ಅಲ್ವಾ.

ಬದಲಿಗೆ ಕೊಡಲು ಏನೂ ಇಲ್ಲ ಅಂತ ಕೇಳಲು ನಾಚುವವರಿದ್ದಾರೆ. ಅಂಚೆ ಖರ್ಚು ಕೊಡಿ, ಸಾಕು. ಕದ್ದು ತಂದ ಗಿಡ ಚೆನ್ನಾಗಿ ಬರುತ್ತದೆ ಅನ್ನುವ ಮಾತು ಮಾತ್ರ ನನಗೆ ಹಿಡಿಸುವುದಿಲ್ಲ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಅಪರೂಪದ ಬಣ್ಣವನ್ನಂತೂ ಕನಿಷ್ಠ ಎರಡು ಮನೆಗೆ ಕೊಟ್ಟಿಡಿ. ನನ್ನ ಕಡು ಕೆಂಪು ಡೇರೆ ಒಂದು ವರ್ಷ ಪೂರ್ತಿ ಕೊಳೆತುಹೋಗಿ, ಅತ್ತಿಗೆಯ ಅಂಗಳದಿಂದಲೇ ವಾಪಸ್ ಬಂತು.

ಗಡ್ಡೆ ಸಿಕ್ಕವರು ನೀರು ನಿಲ್ಲದ ಏರಿಯಲ್ಲಿ ನಾಲ್ಕು ಬೆರಳು ಆಳಕ್ಕೆ ಮಲಗಿಸಿ ನೆಡಿ, ಕಣ್ಣು ಮೇಲಿರಲಿ. ಮೊಳಕೆ ಕಾಣುವವರೆಗೆ ನೀರು ಹಾಕಬೇಡಿ. ಒಂದೇ ಗಡ್ಡೆಯಿಂದ ಮೂರು ನಾಲ್ಕು ಮೊಳಕೆ ಬಂದರೆ ಎರಡನ್ನು ಉಳಿಸಿ, ಉಳಿದದ್ದು ಗೇಣುದ್ದ ಆದಾಗ ಗಂಟಿನ ಕೆಳಗೆ ಕೊಯ್ದು ಮಳೆಯಲ್ಲಿ ಬೇರೆ ಕಡೆ ಊರಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಅದನ್ನು ಅದೇ ಮಳೆಗಾಲದಲ್ಲಿ ಇನ್ನೊಬ್ಬರಿಗೆ ಕೊಡಬಹುದು.