ಮಾಡೆಲ್ ನಂಬಿ ತಂತಿ ಕತ್ತರಿಸುವ ಮುಂಚೆ
ಆಂಟೆನಾ ಹೇಗೆ ಕೆಲಸ ಮಾಡುತ್ತದೆ ಅಂತ ಲೆಕ್ಕ ಹಾಕುವ ನೆಕ್-2 ಪ್ರೋಗ್ರಾಂನಲ್ಲಿ ಡೈಪೋಲ್ (ನಡುವೆ ಕೇಬಲ್ ಸೇರಿಸುವ ತಂತಿ ಆಂಟೆನಾ) ಮಾಡೆಲ್ ಮಾಡುವವರಿಗೆ ಒಂದು ಸಲಹೆ. ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದುತ್ತದೆ ಅನ್ನೋ ಅಳತೆ) ಗ್ರಾಫ್ ಚೆನ್ನಾಗಿ ಬಂತು ಅಂತ ತಕ್ಷಣ ಕಟರ್ ಹಿಡಿಯಬೇಡಿ. ಈ ಪ್ರೋಗ್ರಾಂ ತಂತಿಯನ್ನು ಸಣ್ಣ ಸೆಗ್ಮೆಂಟ್‌ಗಳಾಗಿ ಒಡೆದು, ಒಂದೊಂದರಲ್ಲೂ ಹರಿಯುವ ಕರೆಂಟ್ ಲೆಕ್ಕ ಹಾಕುತ್ತದೆ. ಸೆಗ್ಮೆಂಟ್ ತೀರಾ ಕಮ್ಮಿಯಾದರೆ ಉತ್ತರ ನಂಬೋಕಾಗಲ್ಲ. 7.1 ಮೆಗಾಹರ್ಟ್ಸ್‌ನ ಸುಮಾರು 20 ಮೀಟರ್ ಡೈಪೋಲ್‌ಗೆ 21 ಸೆಗ್ಮೆಂಟ್ ಕೊಡಿ. ಬೆಸ ಸಂಖ್ಯೆ ಇದ್ದರೆ ಫೀಡ್ (ಕೇಬಲ್ ಸೇರುವ ಜಾಗ) ಸರಿಯಾಗಿ ನಡುವಿನ ಸೆಗ್ಮೆಂಟ್‌ಗೇ ಬೀಳುತ್ತದೆ, ಅಲ್ವಾ? ಆಮೇಲೆ 41 ಮಾಡಿ ಮತ್ತೆ ರನ್ ಮಾಡಿ. ಇಂಪೀಡೆನ್ಸ್ (ಫೀಡ್ ಜಾಗದಲ್ಲಿ ಕರೆಂಟ್‌ಗೆ ಆಂಟೆನಾ ಒಡ್ಡುವ ತಡೆ, ಓಮ್‌ಗಳಲ್ಲಿ) ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಸರಿ. ಜಾಸ್ತಿ ಬದಲಾದರೆ ಸೆಗ್ಮೆಂಟ್ ಇನ್ನೂ ಹೆಚ್ಚಿಸಿ.

ಇನ್ನು ನೆಲ. ಫ್ರೀ ಸ್ಪೇಸ್‌ನಲ್ಲಿ (ಸುತ್ತ ನೆಲವೇ ಇಲ್ಲ ಅಂದುಕೊಂಡಾಗ) 73 ಓಮ್ ಆಸುಪಾಸು ಇಂಪೀಡೆನ್ಸ್ ತೋರಿಸುವ ಡೈಪೋಲ್, ನೆಲಕ್ಕೆ ಹತ್ತಿರ ಬಂದರೆ ಬೇರೆಯೇ ತೋರಿಸುತ್ತದೆ. ಎತ್ತರ ಕಡಿಮೆ ಇದ್ದಾಗ ಸೊಮರ್‌ಫೆಲ್ಡ್-ನಾರ್ಟನ್ ಗ್ರೌಂಡ್ ಅನ್ನೋ, ನೆಲದ ಪರಿಣಾಮ ಲೆಕ್ಕ ಹಾಕುವ ಆಯ್ಕೆಯನ್ನು ಆರಿಸಿ. ತಂತಿಯನ್ನಂತೂ ಮೊದಲು ಸ್ವಲ್ಪ ಉದ್ದವೇ ಬಿಡಿ, ಆಮೇಲೆ ಬೇಕಾದಷ್ಟು ಕತ್ತರಿಸಬಹುದು.