ಹೆಸರು ಹಿಡಿದು ಮಾತು ಶುರು ಮಾಡೋದು
ಮೈಸೂರು-ಮಂಡ್ಯ ಕಡೆ ಹೊಸಬರ ಹತ್ರ ಮಾತು ತೆಗೆಯೋಕೆ ಅವರ ಹೆಸರಿನ ಅರ್ಧ ಅರ್ಥ ನೀವೇ ಹೇಳಿ, ಉಳಿದದ್ದು ಅವರಿಗೆ ಬಿಡಿ. ‘ನಂಜುಂಡಸ್ವಾಮಿನಾ? ನಂಜು ಉಂಡವನು! ನಂಜನಗೂಡಿಗೆ ಹರಕೆ ಇತ್ತಾ?’ ಚೆಲುವರಾಜು, ಚೆಲುವಮ್ಮ ಅಂದ್ರೆ ಮೇಲುಕೋಟೆ ಚೆಲುವನಾರಾಯಣ. ಅಲ್ಲಿನ ವೈರಮುಡಿ ಉತ್ಸವದಿಂದ ಪುಳಿಯೋಗರೆವರೆಗೂ ಮಾತು ತಾನೇ ಹೋಗುತ್ತೆ. ಮಾದೇಶ ಅಂದ್ರೆ ಮಲೆ ಮಾದಪ್ಪನ ಬೆಟ್ಟ. ಬರೀ ‘ನಿಮ್ಮ ಹೆಸರಿನ ಅರ್ಥ ಏನು?’ ಅಂದ್ರೆ ಪರೀಕ್ಷೆ ಥರ ಆಗುತ್ತೆ, ಎಷ್ಟೋ ಜನಕ್ಕೆ ಗೊತ್ತೂ ಇರಲ್ಲ. ಹೆಸರು ಇಟ್ಟಿದ್ದು ಅಜ್ಜಿನಾ, ಸೋದರತ್ತೆನಾ ಅನ್ನೋದು ಮಾತ್ರ ಸಾಮಾನ್ಯವಾಗಿ ಗೊತ್ತಿರುತ್ತೆ, ಅದನ್ನ ಹೇಳೋಕೆ ಖುಷಿನೂ ಇರುತ್ತೆ. ಆದ್ರೆ ತಿಪ್ಪಯ್ಯ, ಸಾಕಮ್ಮ ಅಂದಾಗ ಕೆದಕೋಕೆ ಹೋಗಬೇಡಿ. ಮಕ್ಕಳು ಉಳಿಯದ ಮನೇಲಿ ಕೂಸನ್ನ ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ ಅಂತ ಕರೀತಿದ್ರು. ಹೆಣ್ಣು ಸಾಕು ಅಂತ ಸಾಕಮ್ಮ ಅಂದ ಮನೆಗಳೂ ಉಂಟು. ‘ನಿಮ್ಮ ಮನೆದೇವ್ರು ಯಾವುದು?’ ಅಂತಲೂ ಬೇಡ, ಸುತ್ತಿ ಬಳಸಿ ಜಾತಿ ಕೇಳಿದ ಹಾಗೇ ಅದು. ಗೌಡ, ಶೆಟ್ಟಿ ಅನ್ನೋ ಬಾಲದ ತಂಟೆಗೂ ಹೋಗಬೇಡಿ. ವಿಹಾನ್, ಆದ್ಯ ಥರದ ಹೆಸರಿಗೆ ಈ ಉಪಾಯ ಅಷ್ಟಾಗಿ ನಡೆಯಲ್ಲ. ‘ನಕ್ಷತ್ರಕ್ಕೆ ಆ ಅಕ್ಷರ ಬಂದಿತ್ತು, ಗೂಗಲ್‌ನಲ್ಲಿ ಹುಡುಕಿದ್ವಿ’ ಅಂತ ಎರಡೇ ಮಾತಲ್ಲಿ ಮುಗಿಸಿಬಿಡ್ತಾರೆ.