ಬ್ರಿಟನ್ನಿನ ಕುಂಡದಲ್ಲಿ ಡೇರೆ: ಮಲೆನಾಡಿನವರಿಗೆ ಅಲ್ಲಿನ ಹೂಗಾಲದ ಲೆಕ್ಕ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬ್ರಿಟನ್ನಿಗೆ ಹೋದವರು ಹೂಕುಂಡದ ವಿಷಯದಲ್ಲಿ ಎಡವುವುದು ಒಂದೇ ಜಾಗದಲ್ಲಿ. ಕೈ ಮಳೆಯ ಲೆಕ್ಕಕ್ಕೆ ಒಗ್ಗಿಹೋಗಿರುತ್ತದೆ. ನಮ್ಮಲ್ಲಿ ಮೊದಲ ಮಳೆ ಬಿದ್ದರೆ ಡೇರೆ (ಡೇಲಿಯಾ) ಗೆಡ್ಡೆ ಮಣ್ಣು ಸೇರುತ್ತದೆ, ಚೌತಿ ಹೊತ್ತಿಗೆ ಅಂಗಳದ ತುಂಬ ಹೂವು. ಅಲ್ಲಿ ಮಳೆ ವರ್ಷವಿಡೀ ಸ್ವಲ್ಪಸ್ವಲ್ಪ ಬರುತ್ತಲೇ ಇರುತ್ತದೆ, ಅದನ್ನು ನಂಬಿ ಏನನ್ನೂ ನೆಡುವ ಹಾಗಿಲ್ಲ. ಗಿಡದ ಕಾಲ ನಿರ್ಧರಿಸುವುದು ಫ್ರಾಸ್ಟ್, ಅಂದರೆ ಇಬ್ಬನಿಯೇ ಹೆಪ್ಪುಗಟ್ಟುವ ಚಳಿ; ಅದರ ಜೊತೆಗೆ ಹಗಲಿನ ಉದ್ದ. ಶಿವಮೊಗ್ಗದಲ್ಲಿ ಡಿಸೆಂಬರಿನ ಹಗಲೂ 11 ಗಂಟೆ ದಾಟುತ್ತದೆ. ಲಂಡನ್ನಿನಲ್ಲಿ ಆಗ 8 ಗಂಟೆಯೂ ಇರುವುದಿಲ್ಲ.

ಹೀಗಾಗಿ ಅಲ್ಲಿ ಕುಂಡವನ್ನು ವರ್ಷಕ್ಕೆ ಎರಡು ಸಲ ಬದಲಿಸುತ್ತಾರೆ. ಮೇ ಕೊನೆಗೆ ಬೇಸಿಗೆ ಹೂವು, ಸೆಪ್ಟೆಂಬರ್ ಕೊನೆ–ಅಕ್ಟೋಬರಿನಲ್ಲಿ ಚಳಿಗಾಲದ ಹೂವು ಮತ್ತು ವಸಂತದ ಗೆಡ್ಡೆಗಳು. ಅಂಗಡಿಯವರು ಮಾತ್ರ ಮಾರ್ಚ್–ಏಪ್ರಿಲ್‌ನಲ್ಲೇ ಪೆಟೂನಿಯ, ಬಿಗೋನಿಯಗಳನ್ನು ಟ್ರೇಗಟ್ಟಲೆ ಹೊರಗಿಟ್ಟಿರುತ್ತಾರೆ. ಮಾರಾಟಕ್ಕೆ ಬಂದಿದೆ ಎಂದರೆ ನೆಡುವ ಕಾಲ ಬಂದಿದೆ ಎಂದಲ್ಲ. ದಕ್ಷಿಣ ಇಂಗ್ಲೆಂಡಿನಲ್ಲಿ ಕೊನೆಯ ಫ್ರಾಸ್ಟ್ ಮೇ ಮಧ್ಯದವರೆಗೂ, ಉತ್ತರದಲ್ಲಿ, ಸ್ಕಾಟ್ಲೆಂಡಿನಲ್ಲಿ ಜೂನ್ ಆರಂಭದವರೆಗೂ ಬರಬಹುದು. ಮೇ ತಿಂಗಳ ಚೆಲ್ಸಿ ಹೂಪ್ರದರ್ಶನ ಮುಗಿದ ಮೇಲೆ ನೆಡುವುದು ಅಲ್ಲಿನ ತೋಟಗಾರರ ರೂಢಿ, ಒಳ್ಳೆಯ ರೂಢಿಯೇ.

ಗಿಡದ ಚೀಟಿ ಓದುವುದನ್ನು ಕಲಿಯಿರಿ. ಅಲ್ಲಿನ ತೋಟಗಾರಿಕೆ ಸಂಘವಾದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಗಿಡಗಳ ಚಳಿ ತಡೆಯುವ ಶಕ್ತಿಗೆ ಎಚ್1ರಿಂದ ಎಚ್7ರವರೆಗೆ ಅಂಕ ಕೊಟ್ಟಿದೆ. ಅಂಕ ಹೆಚ್ಚಿದಷ್ಟೂ ಗಿಡ ಗಟ್ಟಿ. ಡೇರೆ ಎಚ್3. ಕುಂಡದ ಬೇರು ನೆಲದ ಬೇರಿಗಿಂತ ಬೇಗ ಹೆಪ್ಪುಗಟ್ಟುವುದರಿಂದ, ಚೀಟಿಯಲ್ಲಿರುವ ಅಂಕಕ್ಕಿಂತ ಒಂದು ಕಡಿಮೆಯೆಂದೇ ಲೆಕ್ಕ ಹಿಡಿಯಿರಿ. ಗಾಜಿನ ಮನೆಯಿಂದ ಬಂದ ಗಿಡವನ್ನು ನೇರ ಹೊರಗಿಟ್ಟರೆ ಎಲೆ ಬೆಳ್ಳಗಾಗಿ ಸುಟ್ಟಂತಾಗುತ್ತದೆ. ಹತ್ತು–ಹದಿನಾಲ್ಕು ದಿನ ಹಗಲು ಹೊರಗೆ, ರಾತ್ರಿ ಒಳಗೆ ಇಟ್ಟು ಪಳಗಿಸಬೇಕು.

ಅಲ್ಲಿ ‘ಕಾಂಪೋಸ್ಟ್’ ಎಂದು ಚೀಲದಲ್ಲಿ ಕೊಡುವುದು ನಮ್ಮ ಕೊಟ್ಟಿಗೆ ಗೊಬ್ಬರವಲ್ಲ, ಮಣ್ಣಿನ ಬದಲು ಕುಂಡಕ್ಕೆ ತುಂಬುವ ಮಿಶ್ರಣ. ಅದರಲ್ಲಿರುವ ಪೋಷಕಾಂಶ ನಾಲ್ಕರಿಂದ ಆರು ವಾರಕ್ಕೆ ಮುಗಿಯುತ್ತದೆ. ಜುಲೈಯಲ್ಲಿ ಹೂವು ನಿಂತುಹೋಯಿತು ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಆಮೇಲೆ ವಾರಕ್ಕೊಮ್ಮೆ, ಪೊಟ್ಯಾಶ್ ಹೆಚ್ಚಿರುವ ಟೊಮೆಟೊ ಗೊಬ್ಬರದ ದ್ರಾವಣ ಹಾಕಿ. 40 ಸೆಂಟಿಮೀಟರ್ ಅಗಲದ ಕುಂಡಕ್ಕೆ ಸುಮಾರು 30 ಲೀಟರ್ ಮಿಶ್ರಣ, 9 ಸೆಂಟಿಮೀಟರ್ ಕುಂಡದಲ್ಲಿ ಬರುವ ಗಿಡಗಳಾದರೆ ಐದಾರು ಸಾಕು. ಮೇಲೆ ಮೂರು ಸೆಂಟಿಮೀಟರ್ ಜಾಗ ಬಿಡಿ, ಇಲ್ಲದಿದ್ದರೆ ನೀರು ಹೊರಗೆ ಹರಿಯುತ್ತದೆ. ತಳಕ್ಕೆ ಒಡೆದ ಹೆಂಚು ತುಂಬುವ ನಮ್ಮ ಅಭ್ಯಾಸ ಬೇಡ. ಅದರಿಂದ ನೀರು ಬೇಗ ಇಳಿಯುವುದಿಲ್ಲ. ಒದ್ದೆ ಪದರ ಬೇರಿನ ಹತ್ತಿರಕ್ಕೇ ಬರುತ್ತದೆ. ತೂತಿನ ಮೇಲೆ ಒಂದೇ ಒಂದು ಚೂರು, ಮಣ್ಣು ಸೋರದಿರಲು.

ಇನ್ನು ಡೇರೆ. ಊರಿಂದ ಅತ್ತೆ ಕಟ್ಟಿಕೊಟ್ಟ ಗೆಡ್ಡೆಯನ್ನು ಒಯ್ಯಬೇಡಿ. ನೆಡುವ ಗಿಡ, ಗೆಡ್ಡೆಗಳಿಗೆ ಭಾರತದಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ಚಳಿಗಾಲದ ಕೊನೆಗೆ ಅಲ್ಲೇ ಸಿಗುತ್ತದೆ. ಕೊಳ್ಳುವಾಗ ಗೆಡ್ಡೆಯ ಗಾತ್ರ ನೋಡಬೇಡಿ, ಹಳೆಯ ಕಾಂಡ ಸೇರುವ ಕುತ್ತಿಗೆ ನೋಡಿ. ಅಲ್ಲಿ ಅಕ್ಕಿಕಾಳಿನಷ್ಟು ಉಬ್ಬಿದ, ಕೆಲವೊಮ್ಮೆ ನಸುಗೆಂಪಾದ ಕಣ್ಣು ಇರಬೇಕು. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಮನೆಯೊಳಗೆ, ಕಿಟಕಿ ಬೆಳಕಿನಲ್ಲಿ ಕುಂಡಕ್ಕೆ ಹಾಕಿ, ಚಿಗುರು ಬರುವವರೆಗೆ ನೀರು ಅತಿ ಕಡಿಮೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ. ಮೇ ಕೊನೆಗೆ ಹೊರಗೆ. ಜುಲೈಯಿಂದ ಮೊದಲ ಫ್ರಾಸ್ಟಿನವರೆಗೂ ಹೂವು, ಹೆಚ್ಚುಕಡಿಮೆ ಮಲೆನಾಡಿನ ಅಂಗಳದಲ್ಲಿ ಅರಳುವ ತಿಂಗಳುಗಳಲ್ಲೇ!

ಎಳೆ ಚಿಗುರನ್ನು ಒಂದೇ ರಾತ್ರಿಯಲ್ಲಿ ಬೋಳಿಸುವುದು ಸಿಂಬಳದ ಹುಳು. ಅದನ್ನು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆ ಅಲ್ಲಿ 2022ರಿಂದ ನಿಷಿದ್ಧ, ಫೆರಿಕ್ ಫಾಸ್ಫೇಟ್ ಗುಳಿಗೆ ಬಳಸಬಹುದು. ಟಾರ್ಚ್ ಹಿಡಿದು ಕತ್ತಲಲ್ಲಿ ಹೆಕ್ಕುವುದು ಇನ್ನೂ ಒಳ್ಳೆಯದು.

ಮಳೆ ಬಂದಿದೆ ಎಂದು ನೀರು ಹಾಕುವುದನ್ನು ನಿಲ್ಲಿಸಬೇಡಿ. ದಟ್ಟ ಎಲೆ ಮಳೆಯನ್ನು ಕುಂಡದ ಹೊರಗೆ ಚೆಲ್ಲುತ್ತದೆ. ಮೇಲ್ಮಣ್ಣು ನೋಡಿ ಮೋಸಹೋಗದೆ, ಬೆರಳು ಎರಡು ಗೆಣ್ಣು ಇಳಿಸಿ ನೋಡಿ. ಬರದ ಬೇಸಿಗೆಯಲ್ಲಿ ನೀರಿನ ಕಂಪನಿಗಳು ಹೋಸ್‌ಪೈಪ್ ನಿಷೇಧಿಸುತ್ತವೆ, ಮೀರಿದರೆ 1,000 ಪೌಂಡ್‌ವರೆಗೆ ದಂಡ. ಕೈಯಲ್ಲಿ ಹಿಡಿದ ನೀರಿನ ಕ್ಯಾನಿಗೆ ಅಡ್ಡಿಯಿಲ್ಲ. ಮಾಡಿನ ದೋಣಿಯಿಂದ ಇಳಿಯುವ ಮಳೆನೀರು ಹಿಡಿಯಲು ಒಂದು ಪೀಪಾಯಿ ಇಟ್ಟುಕೊಳ್ಳಿ.

ಚಳಿಗಾಲದ ಕುಂಡದಲ್ಲಿ ಗಿಡ ಹೆಚ್ಚೇನೂ ಬೆಳೆಯುವುದಿಲ್ಲ, ಆದ್ದರಿಂದ ಹೂಬಿಟ್ಟ ಪ್ಯಾನ್ಸಿಗಳನ್ನೇ ತಂದು ಒತ್ತಾಗಿ ನೆಡಿ. ಅವುಗಳ ಕೆಳಗೆ ಗೆಡ್ಡೆಗಳ ಪದರ: 20 ಸೆಂಟಿಮೀಟರ್ ಆಳಕ್ಕೆ ಟುಲಿಪ್, 15ಕ್ಕೆ ಡ್ಯಾಫೊಡಿಲ್, 8ಕ್ಕೆ ಕ್ರೋಕಸ್. ಕುಂಡವನ್ನು ಇಟ್ಟಿಗೆ ಚೂರುಗಳ ಮೇಲೆ ಎತ್ತರಿಸಿ. ತಳ ಒದ್ದೆಯಾಗಿಯೇ ಇದ್ದರೆ ನೀರು ಹೆಪ್ಪುಗಟ್ಟಿ ಹಿಗ್ಗಿ, ಮಣ್ಣಿನ ಕುಂಡ ಬಿರಿಯುತ್ತದೆ.

ಫ್ರಾಸ್ಟಿಗೆ ಡೇರೆ ಎಲೆ ಕಪ್ಪಾದ ಕೂಡಲೇ ಕಾಂಡವನ್ನು ಗೇಣುದ್ದಕ್ಕೆ ಕತ್ತರಿಸಿ, ಗೆಡ್ಡೆ ಕಿತ್ತು ತಲೆಕೆಳಗಾಗಿ ಎರಡು ವಾರ ಇಡಿ. ಪೊಳ್ಳು ಕಾಂಡದ ನೀರು ಇಳಿಯದಿದ್ದರೆ ಕುತ್ತಿಗೆಯೇ ಕೊಳೆಯುತ್ತದೆ. ಆಮೇಲೆ ಒಣ ಮಿಶ್ರಣದಲ್ಲಿ ಹೂತು, ಫ್ರಾಸ್ಟ್ ತಾಗದ ಕತ್ತಲೆ ಮೂಲೆಯಲ್ಲಿಡಿ. ತಿಂಗಳಿಗೊಮ್ಮೆ ಮುಟ್ಟಿ ನೋಡಿ: ಮೆತ್ತಗಾದದ್ದನ್ನು ಕತ್ತರಿಸಿ ಎಸೆಯಿರಿ, ಸುಕ್ಕಾದದ್ದಕ್ಕೆ ತುಸು ನೀರು ಚಿಮುಕಿಸಿ.